ಹಳೆ ಕಾರಿನ ಎಂಜಿನ್ ಸೆನ್ಸರ್: ಕೊಳ್ಳುವ ಮೊದಲು ಅಳೆದು ನೋಡಿ

ಚೆಕ್ ಎಂಜಿನ್ ಲೈಟ್ ಹತ್ತಿದ ಕೂಡಲೇ ಸ್ಕ್ಯಾನರ್ ಚುಚ್ಚಿ, ಅದರಲ್ಲಿ ಬಂದ ಹೆಸರಿನ ಸೆನ್ಸರ್ ತಂದು ಹಾಕಿ, ಲೈಟ್ ಆರಿಸಿ, ಎರಡು ದಿನ ಬಿಟ್ಟು ಮತ್ತೆ ಅದೇ ಲೈಟ್ ನೋಡಿ ತಲೆ ಕೆರೆದುಕೊಳ್ಳುವುದು ಹಳೆ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಥೆ. ಕಾರಣ ಸರಳ. ಸ್ಕ್ಯಾನರ್ ತೋರಿಸುವ ಕೋಡ್ ಅಂದ್ರೆ ಕೆಟ್ಟ ಪಾರ್ಟ್‌ನ ಹೆಸರಲ್ಲ. ಈ ಸರ್ಕ್ಯೂಟ್‌ನಿಂದ ಬರುತ್ತಿರುವ ವೋಲ್ಟೇಜ್ ನಂಬುವ ಹಾಗಿಲ್ಲ ಅಂತ ಇಸಿಯು, ಅಂದ್ರೆ ಎಂಜಿನ್ ನಡೆಸುವ ಕಂಪ್ಯೂಟರ್, ದೂರು ಕೊಡುತ್ತಿದೆ, ಅಷ್ಟೇ. ಆ ಸರ್ಕ್ಯೂಟ್‌ನಲ್ಲಿ ಸೆನ್ಸರ್ ಇದೆ, ಕನೆಕ್ಟರ್ ಇದೆ, ವೈರ್ ಇದೆ, ಅರ್ಥ್ ಇದೆ. ಹೊಟ್ಟೆ ನೋವು ಅಂತ ಅಳುವ ಮಗು ಎಲ್ಲಿ ನೋವು ಅಂತ ತೋರಿಸುತ್ತದೆ, ಯಾಕೆ ಅಂತ ಅದಕ್ಕೆ ಗೊತ್ತಿರುವುದಿಲ್ಲ ಅಲ್ವಾ, ಹಾಗೇ ಇದು.

ಇಪ್ಪತ್ತು ವರ್ಷ ಓಡಿದ ಕಾರಿನಲ್ಲಿ ಸೆನ್ಸರ್ ಎಷ್ಟು ಹಳೆಯದೋ ಅದರ ವೈರು, ಕನೆಕ್ಟರ್ ಕೂಡ ಅಷ್ಟೇ ಹಳೆಯವು. ಬಿಸಿ, ಎಣ್ಣೆ, ನೀರು, ಅದುರಾಟ ಎಲ್ಲವೂ ಎರಡಕ್ಕೂ ಸಮನಾಗಿ ಬಿದ್ದಿರುತ್ತವೆ. ಹಾಗಾಗಿ ಮೊದಲು ಅಳೆಯುವುದು, ಆಮೇಲೆ ಕೊಳ್ಳುವುದು. ಇಲ್ಲಿ ಕೂಲೆಂಟ್ ಟೆಂಪರೇಚರ್ ಸೆನ್ಸರ್, ಅಂದ್ರೆ ಎಂಜಿನ್ ತಣಿಸುವ ದ್ರವದ ಉಷ್ಣತೆ ಹೇಳುವ ಸೆನ್ಸರ್, ಇಟ್ಟುಕೊಂಡು ಪೂರ್ತಿ ಕೆಲಸ ವಿವರಿಸುತ್ತೇನೆ. ಯಾಕಂದ್ರೆ ಅದು ಸುಲಭ, ಅಪಾಯ ಕಡಿಮೆ, ಅದರಲ್ಲಿ ಕಲಿತ ರೀತಿ ಬೇರೆ ಸೆನ್ಸರ್‌ಗಳಿಗೂ ಆಗುತ್ತದೆ. ಆಮೇಲೆ ಕ್ರ್ಯಾಂಕ್ ಸೆನ್ಸರ್, ಕೊನೆಗೆ ಉಳಿದ ಮೂರು.

ಏನೇನು ಬೇಕು

ಡಿಜಿಟಲ್ ಮಲ್ಟಿಮೀಟರ್ ಒಂದು. ಇದಿಲ್ಲದೆ ಮುಂದಕ್ಕೆ ಹೋಗಲೇಬೇಡಿ. ಲೈವ್ ಡೇಟಾ, ಅಂದ್ರೆ ಸೆನ್ಸರ್‌ಗಳು ಆ ಕ್ಷಣ ಹೇಳುವ ಸಂಖ್ಯೆಗಳನ್ನು, ತೋರಿಸುವ ಒಬಿಡಿ (ಕಾರಿನ ಸ್ವಯಂ ತಪಾಸಣೆ ವ್ಯವಸ್ಥೆ) ಸ್ಕ್ಯಾನರ್ ಒಂದು. ಬರೀ ಕೋಡ್ ಓದುವ ಸ್ಕ್ಯಾನರ್ ಅರ್ಧ ಕೆಲಸಕ್ಕೆ ಮಾತ್ರ ಆಗುತ್ತದೆ. ಮೊಬೈಲ್‌ಗೆ ಬ್ಲೂಟೂತ್‌ನಲ್ಲಿ ಸೇರುವ ಚಿಕ್ಕ ಅಡಾಪ್ಟರ್ ಇದ್ದರೂ ಸಾಕು. ಇದರ ಜೊತೆ ಸ್ಪ್ಯಾನರ್, ಸಾಕೆಟ್, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಗುಂಡುಪಿನ್ನಿನಂಥ ಸಣ್ಣ ಪಿನ್ನುಗಳು, ಒಂದು ಗೇಣು ವೈರು, ಟಾರ್ಚ್. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನುಯಲ್ ಅಥವಾ ವೈರಿಂಗ್ ಡಯಾಗ್ರಾಂ ಸಿಕ್ಕಿದರೆ ಅರ್ಧ ದಿನ ಉಳಿಯಿತು ಅಂದುಕೊಳ್ಳಿ. ನಾನು ಕೆಳಗೆ ಕೊಡುವ ಸಂಖ್ಯೆಗಳು ಹೆಚ್ಚಿನ ಕಾರುಗಳಿಗೆ ಹತ್ತಿರದವು. ಮ್ಯಾನುಯಲ್ ಬೇರೆ ಸಂಖ್ಯೆ ಹೇಳಿದರೆ ಮ್ಯಾನುಯಲ್ ಮಾತನ್ನೇ ಕೇಳಿ.

16 ಪಿನ್ನಿನ ಒಬಿಡಿ 2 ಸಾಕೆಟ್ ಅಮೆರಿಕದಲ್ಲಿ 1996ರಿಂದ, ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರಾದರೆ ಸ್ಕ್ಯಾನರ್ ಕೆಲಸ ಮಾಡದೇ ಇರಬಹುದು. ಅಂಥ ಎಷ್ಟೋ ಕಾರುಗಳಲ್ಲಿ ಡಯಾಗ್ನೋಸ್ಟಿಕ್ ಸಾಕೆಟ್‌ನ ಎರಡು ಪಿನ್ ಸೇರಿಸಿದರೆ ಚೆಕ್ ಎಂಜಿನ್ ಲೈಟೇ ಮಿನುಗಿ ಕೋಡ್ ಹೇಳುತ್ತದೆ. ಯಾವ ಎರಡು ಪಿನ್ ಅಂತ ಮ್ಯಾನುಯಲ್ ನೋಡಿಯೇ ಸೇರಿಸಿ, ಅಂದಾಜಿನಲ್ಲಿ ಬೇಡ. ಲೈವ್ ಡೇಟಾ ಸಿಗದಿದ್ದರೂ ಮಲ್ಟಿಮೀಟರ್ ಪರೀಕ್ಷೆಗಳೆಲ್ಲ ಹಾಗೇ ನಡೆಯುತ್ತವೆ.

ಮೊದಲು ಬ್ಯಾಟರಿ, ಆಮೇಲೆ ಕೋಡ್

ಇದನ್ನು ಜನ ಬಿಟ್ಟೇ ಬಿಡುತ್ತಾರೆ. ಬ್ಯಾಟರಿ ಸೋತಿದ್ದರೆ ಅಥವಾ ಅರ್ಥ್ ಸಡಿಲವಾಗಿದ್ದರೆ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕಾರು ಕೋಡ್ ಒಟ್ಟಿಗೆ ಬರುತ್ತವೆ. ಎಂಜಿನ್ ಆಫ್ ಇದ್ದು ಕೆಲವು ಗಂಟೆ ಆದ ಮೇಲೆ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಎಂಜಿನ್ ಓಡುವಾಗ ಹೆಚ್ಚಿನ ಹಳೆ ಕಾರುಗಳಲ್ಲಿ 13.8ರಿಂದ 14.5ರ ಒಳಗೆ. ಆಮೇಲೆ ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ನ ತುಕ್ಕಿಲ್ಲದ ಲೋಹಕ್ಕೆ ಇಟ್ಟು, ಎಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್ ಹಾಕಿ ನೋಡಿ. 0.1 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಕೇಬಲ್ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಈಗ ಕೋಡ್ ಓದಿ. ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳಿ, ಫ್ರೀಜ್ ಫ್ರೇಮ್ ಸಿಕ್ಕರೆ ಅದನ್ನೂ. ಕೋಡ್ ಬಿದ್ದ ಹೊತ್ತಿನಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು, ಎಂಜಿನ್ ಬಿಸಿಯಾಗಿತ್ತಾ ತಣ್ಣಗಿತ್ತಾ ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ, ಆದ್ದರಿಂದ ಅಳಿಸುವ ಬಟನ್ ಕಡೆ ಈಗಲೇ ಕೈ ಹೋಗುವುದು ಬೇಡ.

ಕೋಡ್‌ನ ಮಾತನ್ನು ಪೂರ್ತಿ ಓದಿ. ಕೂಲೆಂಟ್ ಸೆನ್ಸರ್‌ನದೇ ತಗೊಳ್ಳಿ. ಪಿ0117 ಅಂದ್ರೆ ವೋಲ್ಟೇಜ್ ತುಂಬಾ ಕಡಿಮೆ, ಸಾಮಾನ್ಯವಾಗಿ ಎಲ್ಲೋ ಶಾರ್ಟ್. ಪಿ0118 ಅಂದ್ರೆ ವೋಲ್ಟೇಜ್ ತುಂಬಾ ಜಾಸ್ತಿ, ಸಾಮಾನ್ಯವಾಗಿ ಎಲ್ಲೋ ಕಟ್ ಆಗಿದೆ, ಅಥವಾ ಕನೆಕ್ಟರ್ ಕಳಚಿಕೊಂಡಿದೆ. ಪಿ0116 ಬಂದರೆ ವೋಲ್ಟೇಜ್ ಮಿತಿಯೊಳಗೇ ಇದೆ, ಆದರೆ ಅದು ಹೇಳುವ ಉಷ್ಣತೆ ನಂಬುವ ಹಾಗಿಲ್ಲ. ಪಿ0128 ಬಂದರೆ ಎಂಜಿನ್ ಬಿಸಿಯಾಗಲು ಬಹಳ ಹೊತ್ತು ತಗೊಳ್ಳುತ್ತಿದೆ. ಅದು ಹೆಚ್ಚಾಗಿ ತೆರೆದೇ ನಿಂತ ಥರ್ಮೋಸ್ಟಾಟ್‌ನ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ಕೆಲಸ. ಆದರೂ ಪಾಪ, ಆ ಕೋಡ್ ನೋಡಿ ಸೆನ್ಸರ್ ಬದಲಿಸುವವರೇ ಜಾಸ್ತಿ.

ಕಣ್ಣು, ಕೈ

ಸೆನ್ಸರ್ ಎಲ್ಲಿದೆ ಅಂತ ಹುಡುಕಿ. ಸಾಮಾನ್ಯವಾಗಿ ಥರ್ಮೋಸ್ಟಾಟ್ ಹೌಸಿಂಗ್‌ನ ಹತ್ತಿರ ಅಥವಾ ಸಿಲಿಂಡರ್ ಹೆಡ್‌ನ ಒಂದು ತುದಿಯಲ್ಲಿ ಇರುತ್ತದೆ. ಹಳೆ ಕಾರುಗಳಲ್ಲಿ ಒಂದು ಗೊಂದಲ ಇದೆ, ಗಮನಿಸಿ: ಎಷ್ಟೋ ಮಾಡೆಲ್‌ಗಳಲ್ಲಿ ಎರಡು ಬೇರೆ ಬೇರೆ ಸೆನ್ಸರ್ ಇರುತ್ತವೆ, ಒಂದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಇನ್ನೊಂದು ಇಸಿಯುಗೆ. ಮುಳ್ಳಿನದು ಹೆಚ್ಚಾಗಿ ಒಂದೇ ವೈರಿನದು, ಇಸಿಯುವಿನದು ಎರಡು ವೈರಿನದು. ಅಂದ್ರೆ ಮುಳ್ಳು ಸರಿಯಾಗಿ ಮಧ್ಯದಲ್ಲಿ ನಿಂತಿದೆ ಅಂದ ಮಾತ್ರಕ್ಕೆ ಇಸಿಯುಗೆ ಸರಿಯಾದ ಸುದ್ದಿ ಹೋಗುತ್ತಿದೆ ಅಂತಲ್ಲ. ಎರಡನ್ನೂ ಒಂದೇ ಮೈಯಲ್ಲಿ ಸೇರಿಸಿದ ನಾಲ್ಕು ಪಿನ್ನಿನ ಸೆನ್ಸರ್‌ಗಳೂ ಇವೆ.

ಕನೆಕ್ಟರ್ ಬಿಚ್ಚಿ. ಹಳೆ ಪ್ಲಾಸ್ಟಿಕ್ ಬಿಸ್ಕತ್ತಿನಂತೆ ಮುರಿಯುತ್ತದೆ, ಲಾಕ್ ಒತ್ತಿ ಮೆಲ್ಲಗೆ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಒಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಪುಡಿ ಇದೆಯಾ? ಕೂಲೆಂಟ್ ಒಸರಿ ಒಳಗೆ ಹೋಗಿದೆಯಾ? ಪಿನ್ ಹಿಂದಕ್ಕೆ ಸರಿದಿದೆಯಾ? ವೈರ್ ಕನೆಕ್ಟರ್‌ಗೆ ಸೇರುವ ಜಾಗದಲ್ಲಿ ಬಗ್ಗಿಸಿ ನೋಡಿ, ಹೊರಗಿನ ಹೊದಿಕೆ ಸರಿ ಇದ್ದು ಒಳಗಿನ ತಾಮ್ರ ತುಂಡಾಗಿರುವುದು ಅಲ್ಲೇ. ಹಸಿರು ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ನಾಲ್ಕೈದು ಸಲ ಹಾಕಿ ತೆಗೆದು ಮಾಡಿ ಮತ್ತೆ ಪರೀಕ್ಷಿಸಿ.

ಅಳೆಯುವುದು

ಈ ಸೆನ್ಸರ್ ಒಳಗೆ ಇರುವುದು ಒಂದು ಥರ್ಮಿಸ್ಟರ್. ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಇಸಿಯು ಒಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸುತ್ತದೆ. ಸೆನ್ಸರ್ ತಣ್ಣಗಿದ್ದರೆ ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಮೇಲೇ ಉಳಿಯುತ್ತದೆ, ಬಿಸಿಯಾದರೆ ಕೆಳಗೆ ಬರುತ್ತದೆ. ಇಸಿಯುಗೆ ಉಷ್ಣತೆ ಗೊತ್ತಾಗುವುದು ಹೀಗೆ. ಇಷ್ಟು ತಲೆಯಲ್ಲಿದ್ದರೆ ಕೆಳಗಿನ ಪರೀಕ್ಷೆಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಮೊದಲನೆಯದು ಬೆಳಗಿನ ಪರೀಕ್ಷೆ, ನನಗೆ ತುಂಬಾ ಇಷ್ಟವಾದದ್ದು, ಯಾಕಂದ್ರೆ ಏನೂ ಬಿಚ್ಚಬೇಕಿಲ್ಲ. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಕೂಲೆಂಟ್ ಉಷ್ಣತೆ ಮತ್ತು ಒಳಬರುವ ಗಾಳಿಯ ಉಷ್ಣತೆ ಎರಡನ್ನೂ ಅಕ್ಕಪಕ್ಕ ನೋಡಿ. ರಾತ್ರಿಯೆಲ್ಲ ನಿಂತ ಎಂಜಿನ್ ಮತ್ತು ಗಾಳಿ ಹೆಚ್ಚುಕಮ್ಮಿ ಒಂದೇ ಉಷ್ಣತೆಗೆ ಬಂದಿರಬೇಕು. ಮೂರ್ನಾಲ್ಕು ಡಿಗ್ರಿ ವ್ಯತ್ಯಾಸ ಇದ್ದರೆ ತೊಂದರೆ ಇಲ್ಲ. ಹೊರಗೆ 22 ಡಿಗ್ರಿ ಸೆಲ್ಸಿಯಸ್ ಇರುವಾಗ ಗಾಳಿ 23 ಅಂತಲೂ ಕೂಲೆಂಟ್ 48 ಅಂತಲೂ ಬಂದರೆ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ. ಕೋಡ್ ಬೀಳದೆಯೇ ಕಾರನ್ನು ಸತಾಯಿಸುವ ಸೆನ್ಸರ್‌ಗಳು ಸಿಕ್ಕಿಬೀಳುವುದು ಇಲ್ಲೇ. ಇಸಿಯು ದೃಷ್ಟಿಯಲ್ಲಿ 48 ಡಿಗ್ರಿ ತಪ್ಪಲ್ಲ, ಎಂಜಿನ್ ಯಾವತ್ತೋ ಒಂದು ಹೊತ್ತಿನಲ್ಲಿ 48 ಡಿಗ್ರಿ ಇರುತ್ತದಲ್ಲ. ಆದರೆ ತಣ್ಣಗಿನ ಎಂಜಿನ್‌ಗೆ ಬೇಕಾದಷ್ಟು ಪೆಟ್ರೋಲ್ ಸಿಗದೆ ಬೆಳಗ್ಗೆ ಸ್ಟಾರ್ಟ್ ಆಗಲು ಒದ್ದಾಡುತ್ತದೆ. ತಿರುವುಮುರುವಾಗಿ, ಬಿಸಿಯಾದ ಎಂಜಿನ್ ತಣ್ಣಗಿದೆ ಅಂತ ಸೆನ್ಸರ್ ಹೇಳಿದರೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ: ಕಪ್ಪು ಹೊಗೆ, ಕಡಿಮೆ ಮೈಲೇಜ್, ಮಸಿ ಹಿಡಿದ ಪ್ಲಗ್. ಹೀಗೇ ಬಹಳ ದಿನ ಓಡಿಸಿದರೆ ಎಕ್ಸಾಸ್ಟ್‌ನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ, ಅದು ಸೆನ್ಸರ್‌ಗಿಂತ ಎಷ್ಟೋ ಪಟ್ಟು ದುಬಾರಿ.

ಎರಡನೆಯದು ಬಿಚ್ಚಿ, ಸೇರಿಸಿ ನೋಡುವ ಪರೀಕ್ಷೆ. ಸೆನ್ಸರ್ ತಪ್ಪಾ ವೈರ್ ತಪ್ಪಾ ಅನ್ನುವುದನ್ನು ಇದು ಐದು ನಿಮಿಷದಲ್ಲಿ ಹೇಳುತ್ತದೆ. ಕೀ ಆನ್, ಎಂಜಿನ್ ಆಫ್. ಕನೆಕ್ಟರ್ ಬಿಚ್ಚಿ. ಸ್ಕ್ಯಾನರ್‌ನಲ್ಲಿ ಕೂಲೆಂಟ್ ಉಷ್ಣತೆ ಮೈನಸ್ 40 ಡಿಗ್ರಿಗೆ ಇಳಿಯಬೇಕು. ಸರ್ಕ್ಯೂಟ್ ಕಟ್ ಆದಾಗ ಇಸಿಯುಗೆ ಕಾಣುವುದು ಅಷ್ಟೇ. ಈಗ ಕನೆಕ್ಟರ್‌ನ ಎರಡು ಪಿನ್‌ಗಳನ್ನು ಸಣ್ಣ ವೈರಿನಿಂದ ಒಂದಕ್ಕೊಂದು ಸೇರಿಸಿ. ಉಷ್ಣತೆ ಹಾರಿ 120ಕ್ಕೂ ಮೇಲೆ ಹೋಗಬೇಕು. ಎರಡೂ ಹೀಗೇ ಆದರೆ ವೈರು, ಅರ್ಥ್, ಇಸಿಯು ಮೂರೂ ಸರಿ ಇವೆ, ಉಳಿದದ್ದು ಸೆನ್ಸರ್ ಅಥವಾ ಪಿನ್‌ನ ಹಿಡಿತ. ಬಿಚ್ಚಿದರೂ ಮೈನಸ್ 40ಕ್ಕೆ ಇಳಿಯದಿದ್ದರೆ ವೈರ್ ಎಲ್ಲೋ ಕಾರಿನ ಬಾಡಿಗೋ ಇನ್ನೊಂದು ವೈರಿಗೋ ತಗುಲಿದೆ. ಸೇರಿಸಿದರೂ ಮೇಲೆ ಏರದಿದ್ದರೆ ವೈರ್ ಎಲ್ಲೋ ಕಟ್ ಆಗಿದೆ. ಆಗ 5 ವೋಲ್ಟ್ ಬರುವ ಸಿಗ್ನಲ್ ಪಿನ್ ಒಂದನ್ನೇ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ. ಈಗ ಏರಿದರೆ ಕಟ್ ಆಗಿರುವುದು ಸೆನ್ಸರ್‌ನ ಅರ್ಥ್ ವೈರ್. ಈಗಲೂ ಏರದಿದ್ದರೆ ಸಿಗ್ನಲ್ ವೈರ್. ಯಾವ ವೈರ್ ಹುಡುಕಬೇಕು ಅನ್ನುವುದೂ ಗೊತ್ತಾಯಿತು ನೋಡಿ.

ಎರಡು ಎಚ್ಚರ. ಕೆಲವು ಇಸಿಯುಗಳು ಸೆನ್ಸರ್ ಕಳೆದುಹೋಯಿತು ಅಂತ ಗೊತ್ತಾದ ತಕ್ಷಣ ತಾವೇ ಒಂದು ಕಾಲ್ಪನಿಕ ಉಷ್ಣತೆ ಇಟ್ಟುಕೊಂಡು ಅದನ್ನೇ ತೋರಿಸುತ್ತವೆ, ರೇಡಿಯೇಟರ್ ಫ್ಯಾನ್ ಕೂಡ ಹಾಕಿಬಿಡುತ್ತವೆ. ಅಂಥಲ್ಲಿ ಸ್ಕ್ಯಾನರ್ ಬಿಟ್ಟು ಕನೆಕ್ಟರ್‌ನಲ್ಲಿ ಮೀಟರ್ ಇಟ್ಟು 5 ವೋಲ್ಟ್ ಬರುತ್ತಿದೆಯಾ ನೋಡಿ. ಕೈ, ಬಟ್ಟೆ ಫ್ಯಾನ್‌ನಿಂದ ದೂರ ಇರಲಿ. ಇನ್ನೊಂದು, ಪಿನ್‌ಗಳನ್ನು ಹೀಗೆ ಸೇರಿಸುವುದು ಎರಡು ವೈರಿನ ಥರ್ಮಿಸ್ಟರ್‌ಗೆ ಮಾತ್ರ. ಮೂರು ವೈರಿನ ಸೆನ್ಸರ್‌ನ ಕನೆಕ್ಟರ್‌ನಲ್ಲಿ ಇದನ್ನು ಮಾಡಿದರೆ ಸಪ್ಲೈ ನೇರವಾಗಿ ಅರ್ಥ್‌ಗೆ ಹೋಗಿ ಇಸಿಯು ಸುಟ್ಟರೂ ಸುಟ್ಟೀತು.

ಮೂರನೆಯದು ರೆಸಿಸ್ಟೆನ್ಸ್. ಕನೆಕ್ಟರ್ ಬಿಚ್ಚಿ, ಮೀಟರನ್ನು ಓಮ್‌ಗೆ ಇಟ್ಟು, ಸೆನ್ಸರ್‌ನ ಎರಡು ಪಿನ್‌ಗಳ ನಡುವೆ ಅಳೆಯಿರಿ. 20 ಡಿಗ್ರಿ ಸುಮಾರಿಗೆ ಹೆಚ್ಚಿನ ಸೆನ್ಸರ್‌ಗಳು 2000ದಿಂದ 3500 ಓಮ್ ಒಳಗೆ ತೋರಿಸುತ್ತವೆ. 80ರಲ್ಲಿ ಸುಮಾರು 300, 100ರ ಹತ್ತಿರ 200ಕ್ಕೂ ಕಡಿಮೆ. ಒಂದು ಸಂಖ್ಯೆಗಿಂತ ಅದು ಹೇಗೆ ಇಳಿಯುತ್ತದೆ ಅನ್ನುವುದೇ ಮುಖ್ಯ. ಎಂಜಿನ್ ತಣ್ಣಗಿದ್ದಾಗ ಒಮ್ಮೆ ಅಳೆದು, ಕನೆಕ್ಟರ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿ, ಸ್ಕ್ಯಾನರ್‌ನ ಗ್ರಾಫ್ ನೋಡುತ್ತಾ ಕೂರಿ. ಗೆರೆ ಮೆಲ್ಲಗೆ, ಒಂದೇ ಸಮ ಏರಬೇಕು. ಮಧ್ಯೆ ಎಲ್ಲೋ ಒಂದು ಕ್ಷಣ ಮೈನಸ್ 40ಕ್ಕೆ ಬಿದ್ದು ವಾಪಸ್ ಬಂದರೆ ಸಂಪರ್ಕ ತಪ್ಪುತ್ತಿದೆ ಅಂತ ಅರ್ಥ. ಆಗ ಎಂಜಿನ್ ಓಡುತ್ತಿರುವಾಗಲೇ, ಬೆಲ್ಟ್ ಫ್ಯಾನ್‌ಗಳಿಂದ ದೂರ ಇರುವ ಜಾಗದಲ್ಲಿ, ಹಾರ್ನೆಸ್ (ವೈರುಗಳ ಕಟ್ಟು) ಮೆಲ್ಲಗೆ ಅಲ್ಲಾಡಿಸಿ. ಎಲ್ಲಿ ಅಲ್ಲಾಡಿಸಿದಾಗ ಗೆರೆ ಬೀಳುತ್ತದೋ ಅಲ್ಲೇ ರೋಗ.

ವೈರ್ ಅಳೆಯುವಾಗ ಹೊದಿಕೆಗೆ ಪಿನ್ ಚುಚ್ಚಿ ತೂತು ಮಾಡಬೇಡಿ. ಆ ತೂತಿನಿಂದ ನೀರು ಹೋಗಿ ತಾಮ್ರ ಒಳಗೇ ಕೊಳೆಯುತ್ತದೆ. ಕನೆಕ್ಟರ್‌ನ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ಸಣ್ಣ ಪಿನ್ ತೂರಿಸಿ ಅದಕ್ಕೆ ಮೀಟರ್ ಕಡ್ಡಿ ಮುಟ್ಟಿಸಿ.

ಸೆನ್ಸರೇ ಕೆಟ್ಟಿದೆ ಅಂತ ಖಚಿತವಾದರೆ

ಪಾರ್ಟ್ ನಂಬರ್ ನೋಡಿಯೇ ತನ್ನಿ. ಥ್ರೆಡ್, ಕನೆಕ್ಟರ್ ಎರಡೂ ಒಂದೇ ಇದ್ದು ಒಳಗಿನ ಓಮ್ ಲೆಕ್ಕ ಬೇರೆ ಇರುವ ಸೆನ್ಸರ್‌ಗಳು ಇವೆ. ಹಾಕಿದರೆ ಸಲೀಸಾಗಿ ಕೂರುತ್ತವೆ, ಹೇಳುವುದೆಲ್ಲ ತಪ್ಪು. ತಂದ ಹೊಸದನ್ನು ಹಾಕುವ ಮೊದಲು ಅದರ ಓಮ್ ಅಳೆದು ಮ್ಯಾನುಯಲ್ ಜೊತೆ ಹೋಲಿಸಿ. ತೀರಾ ಅಗ್ಗದ ನಕಲಿ ಸೆನ್ಸರ್‌ಗಳು ಡಬ್ಬಿಯಿಂದ ತೆಗೆಯುವಾಗಲೇ ತಪ್ಪು ಹೇಳುವುದುಂಟು. ಸೆನ್ಸರ್ ವಿಷಯದಲ್ಲಿ ನಾನು ಕಾರು ತಯಾರಕರ ಪಾರ್ಟ್ ಅಥವಾ ಅವರಿಗೆ ಸೆನ್ಸರ್ ಮಾಡಿಕೊಡುವ ಕಂಪನಿಯದನ್ನೇ ಹಾಕುತ್ತೇನೆ.

ಎಂಜಿನ್ ಪೂರ್ತಿ ತಣ್ಣಗಾಗಬೇಕು. ಇದರಲ್ಲಿ ರಾಜಿ ಇಲ್ಲ. ಬಿಸಿಯಾದ ಕೂಲಿಂಗ್ ಸಿಸ್ಟಂ ಒತ್ತಡದಲ್ಲಿ ಇರುತ್ತದೆ, ಒಳಗಿನ ದ್ರವ 100 ಡಿಗ್ರಿ ದಾಟಿದ್ದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿಟ್ಟು ಕುದಿದು ಮುಖಕ್ಕೆ ಹಾರುತ್ತದೆ. ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಒತ್ತಡ ಬಿಡಿ. ಕೆಳಗೆ ಒಂದು ಅಗಲವಾದ ಪಾತ್ರೆ ಇಡಿ. ಚೆಲ್ಲಿದ ಕೂಲೆಂಟ್ ತಕ್ಷಣ ತೊಳೆಯಿರಿ, ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬಾರದ ಹಾಗೆ ನೋಡಿಕೊಳ್ಳಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ಸ್ವಲ್ಪ ನೆಕ್ಕಿದರೂ ಪ್ರಾಣಿಗಳು ಸಾಯಬಹುದು.

ಸೆನ್ಸರ್ ಎತ್ತರದ ಜಾಗದಲ್ಲಿದ್ದರೆ ಪೂರ್ತಿ ಕೂಲೆಂಟ್ ಇಳಿಸಬೇಕಿಲ್ಲ, ಒಂದೆರಡು ಲೀಟರ್ ಸಾಕು. ಹಳೆಯದನ್ನು ತೆಗೆದ ಕೂಡಲೇ ಹೊಸದನ್ನು ಹಾಕುವ ಚಾಕಚಕ್ಯತೆ ಇದ್ದರೆ ಅಷ್ಟೂ ಬೇಡ, ಒಂದು ಲೋಟ ಚೆಲ್ಲಬಹುದು ಅಷ್ಟೇ. ಉದ್ದದ ಡೀಪ್ ಸಾಕೆಟ್ ಬಳಸಿ, ಇಕ್ಕಟ್ಟಿನಲ್ಲಿ ಸ್ಪ್ಯಾನರ್ ಜಾರಿದರೆ ಪ್ಲಾಸ್ಟಿಕ್ ತಲೆ ಒಡೆಯುತ್ತದೆ. ಬಿಗಿಯಾಗಿ ಹಿಡಿದಿದ್ದರೆ ಪೆನೆಟ್ರೇಟಿಂಗ್ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಆಮೇಲೆ ಒಂದೇ ಸಲ ಜೋರು ಮಾಡದೆ, ಕೊಂಚ ಬಿಗಿ ಕೊಂಚ ಸಡಿಲ ಮಾಡುತ್ತಾ ಬಿಚ್ಚಿ. ಅಲ್ಯುಮಿನಿಯಂ ಹೆಡ್‌ನ ಥ್ರೆಡ್ ಕಿತ್ತುಬಂದರೆ ಅರ್ಧ ಗಂಟೆಯ ಕೆಲಸ ಎರಡು ದಿನದ್ದಾಗುತ್ತದೆ. ಕೆಲವು ಸೆನ್ಸರ್‌ಗಳಿಗೆ ಥ್ರೆಡ್ಡೇ ಇಲ್ಲ, ಓ ರಿಂಗ್ ಹಾಕಿ ಒಂದು ಕ್ಲಿಪ್‌ನಲ್ಲಿ ನಿಲ್ಲಿಸಿರುತ್ತಾರೆ. ಕ್ಲಿಪ್ ಎಂಜಿನ್ ಸಂದಿಗೆ ಬಿದ್ದರೆ ಹುಡುಕುವುದು ನಿಮ್ಮ ಪಾಡು, ಒಂದು ಬಟ್ಟೆ ಕೆಳಗೆ ತುರುಕಿಕೊಳ್ಳಿ.

ಹಳೆ ವಾಷರ್ ಅಥವಾ ಓ ರಿಂಗ್ ಬಿಸಾಕಿ ಹೊಸದೇ ಹಾಕಿ. ಓ ರಿಂಗ್‌ಗೆ ಸ್ವಲ್ಪ ಕೂಲೆಂಟ್ ಸವರಿದರೆ ಹರಿಯದೆ ಕೂರುತ್ತದೆ. ಒಂದು ವೈರಿನ ಸೆನ್ಸರ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ, ಅದಕ್ಕೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಸುತ್ತಿದರೆ ಅರ್ಥ್ ತಪ್ಪಬಹುದು. ಮೊದಲ ಕೆಲವು ಸುತ್ತು ಕೈಯಲ್ಲೇ ತಿರುಗಿಸಿ. ಕೈಯಲ್ಲಿ ಹೋಗದಿದ್ದರೆ ಥ್ರೆಡ್ ಅಡ್ಡ ಹಿಡಿದಿದೆ, ತೆಗೆದು ಮತ್ತೆ ಹಾಕಿ. ಕೊನೆಯ ಬಿಗಿ ಸಾಮಾನ್ಯವಾಗಿ 15ರಿಂದ 20 ನ್ಯೂಟನ್ ಮೀಟರ್ ಸುತ್ತ ಇರುತ್ತದೆ, ಅಂದ್ರೆ ತೋಳಿನ ಬಲ ಬೇಡ, ಮಣಿಕಟ್ಟಿನದು ಸಾಕು.

ಈಗ ಕೂಲೆಂಟ್ ತುಂಬಿ. ಅದೇ ಜಾತಿಯದು, ಡಿಸ್ಟಿಲ್ಡ್ ನೀರಿನ ಜೊತೆ, ಸಾಮಾನ್ಯವಾಗಿ ಅರ್ಧಕ್ಕರ್ಧ. ಸಿಸ್ಟಂ ಒಳಗೆ ಸಿಕ್ಕ ಗಾಳಿ ತೆಗೆಯುವುದನ್ನು ಮರೆತರೆ ಹೊಸ ಸೆನ್ಸರ್ ಕೂಡ ಸುಳ್ಳು ಹೇಳುತ್ತದೆ, ಅದರ ತುದಿ ದ್ರವದ ಬದಲು ಗಾಳಿಗುಳ್ಳೆಯಲ್ಲಿ ನಿಂತಿರುತ್ತದೆ. ಹೀಟರನ್ನು ಪೂರ್ತಿ ಬಿಸಿಗೆ ಇಡಿ. ಬ್ಲೀಡ್ ಸ್ಕ್ರೂ ಇದ್ದರೆ ಎಂಜಿನ್ ತಣ್ಣಗಿರುವಾಗಲೇ ತೆರೆದು, ಗುಳ್ಳೆ ನಿಂತು ಬರೀ ದ್ರವ ಬರುವವರೆಗೆ ತುಂಬಿ ಮುಚ್ಚಿ. ಆಮೇಲೆ ಎಂಜಿನ್ ಓಡಿಸಿ ರೇಡಿಯೇಟರ್ ಫ್ಯಾನ್ ಒಂದೆರಡು ಸಲ ಹಾಕಿ ಆರುವವರೆಗೆ ಕಾಯಿರಿ. ಅಷ್ಟೂ ಹೊತ್ತು ಸ್ಕ್ಯಾನರ್‌ನಲ್ಲಿ ಉಷ್ಣತೆ ಮೇಲೆ ಕಣ್ಣಿರಲಿ. ಥರ್ಮೋಸ್ಟಾಟ್ ಸರಿ ಇದ್ದರೆ ಹೆಚ್ಚಿನ ಎಂಜಿನ್‌ಗಳು 85ರಿಂದ 100ರ ಒಳಗೆ ನಿಲ್ಲುತ್ತವೆ. ಎಂಜಿನ್ ಮತ್ತೆ ತಣ್ಣಗಾದ ಮೇಲೆ ಮಟ್ಟ ನೋಡಿ, ಕಡಿಮೆ ಇದ್ದರೆ ತುಂಬಿ.

ಕ್ರ್ಯಾಂಕ್ ಸೆನ್ಸರ್: ಬಿಸಿಯಾದಾಗ ನಿಲ್ಲುವ ಕಾರು

ಹಳೆ ಕಾರು ಚೆನ್ನಾಗಿ ಓಡುತ್ತಿದ್ದು, ಬಿಸಿಯಾದ ಮೇಲೆ ಏಕಾಏಕಿ ನಿಂತು, ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲದಂತೆ ಸ್ಟಾರ್ಟ್ ಆಗುತ್ತದಾ? ನನ್ನ ಮೊದಲ ಅನುಮಾನ ಕ್ರ್ಯಾಂಕ್ ಸೆನ್ಸರ್ ಮೇಲೆ. ಪಿಸ್ಟನ್ ಎಲ್ಲಿದೆ ಅಂತ ಇಸಿಯುಗೆ ಹೇಳುವುದು ಇದೇ, ಇದರ ಸಿಗ್ನಲ್ ನಿಂತರೆ ಹೆಚ್ಚಿನ ಕಾರುಗಳಲ್ಲಿ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಕೋಡ್ ಬಿದ್ದರೆ ಪಿ0335 ಅಥವಾ ಅದರ ಅಕ್ಕಪಕ್ಕದ್ದು. ಬೀಳದೇ ಇರುವುದೂ ಉಂಟು. ಕಾರು ನಿಂತ ಹೊತ್ತಿನಲ್ಲೇ ಸ್ಟಾರ್ಟರ್ ತಿರುಗಿಸುತ್ತಾ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಎಂಜಿನ್ ತಿರುಗುತ್ತಿದ್ದರೂ ಆರ್‌ಪಿಎಂ ಸೊನ್ನೆ ಅಂತ ಬಂದರೆ ಅನುಮಾನ ಬಲವಾಯಿತು. 200ರ ಸುಮಾರು ತೋರಿಸಿದರೆ ಈ ಸೆನ್ಸರ್ ಬಿಟ್ಟು ಫ್ಯೂಯೆಲ್ ಪಂಪ್, ಇಗ್ನಿಷನ್ ಕಡೆ ಹೋಗಿ.

ಇದರಲ್ಲಿ ಎರಡು ಜಾತಿ, ಯಾವುದು ಅಂತ ತಿಳಿಯದೆ ಮೀಟರ್ ಇಡಬೇಡಿ. ಒಂದು ಕಾಯಿಲ್ ಮತ್ತು ಆಯಸ್ಕಾಂತದ್ದು. ಎರಡು ವೈರ್, ಕೆಲವೊಮ್ಮೆ ಮೂರನೆಯದು ಬರೀ ಶೀಲ್ಡ್. ಇದರ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರ ಓಮ್ ಆಸುಪಾಸು. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದಾಗ ಕಾಯಿಲ್ ಕಟ್ ಆಗುವುದೇ ಇದರ ಕಾಯಿಲೆ, ಹಾಗಾಗಿ ತಣ್ಣಗಿನ ಅಳತೆ ಒಂದನ್ನೇ ನಂಬಬೇಡಿ. ಹೇರ್ ಡ್ರೈಯರ್‌ನಿಂದ ಸೆನ್ಸರ್ ಬಿಸಿ ಮಾಡುತ್ತಾ ಓಮ್ ನೋಡಿ. ಬಿಸಿಯಾದಂತೆ ಸ್ವಲ್ಪ ಏರುವುದು ಸಹಜ, ಒಮ್ಮೆಲೇ ಓಪನ್ ಅಂತ ಬಂದರೆ ಕಳ್ಳ ಸಿಕ್ಕಿದ. ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸ್ಟಾರ್ಟರ್ ತಿರುಗಿಸಿದರೆ ಕೆಲವು ನೂರು ಮಿಲಿವೋಲ್ಟ್‌ನಿಂದ ಒಂದೆರಡು ವೋಲ್ಟ್‌ವರೆಗೆ ಬರಬೇಕು.

ಇನ್ನೊಂದು ಹಾಲ್ ಸೆನ್ಸರ್, ಮೂರು ವೈರಿನದು. ಇದಕ್ಕೆ ಓಮ್ ಪರೀಕ್ಷೆ ಬೇಡವೇ ಬೇಡ, ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇದೆ. ಕೀ ಆನ್ ಮಾಡಿ ಕನೆಕ್ಟರ್‌ನಲ್ಲಿ ಸಪ್ಲೈ ಬರುತ್ತಿದೆಯಾ ನೋಡಿ, ಕಾರಿನ ಪ್ರಕಾರ 5 ಅಥವಾ 12 ವೋಲ್ಟ್. ಅರ್ಥ್ ಸರಿ ಇದೆಯಾ ನೋಡಿ. ಆಮೇಲೆ ಕನೆಕ್ಟರ್ ಹಾಕಿ, ಹಿಂದಿನಿಂದ ಪಿನ್ ತೂರಿಸಿ, ಕಾರು ನ್ಯೂಟ್ರಲ್‌ನಲ್ಲಿರುವಾಗ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ಮೆಲ್ಲಗೆ ತಿರುಗಿಸಿ. ಸಿಗ್ನಲ್ ವೋಲ್ಟೇಜ್ ಮೇಲೆ ಕೆಳಗೆ ಜಿಗಿಯಬೇಕು. ಸಪ್ಲೈ, ಅರ್ಥ್ ಎರಡೂ ಇದ್ದು ಸಿಗ್ನಲ್ ಜಿಗಿಯದಿದ್ದರೆ ಸೆನ್ಸರ್ ಹೋಗಿದೆ, ಆದರೆ ಅದಕ್ಕೂ ಮೊದಲು ಹೊರಗೆ ತೆಗೆದು, ಕ್ರ್ಯಾಂಕ್ ಜೊತೆ ತಿರುಗುತ್ತಾ ಸೆನ್ಸರ್‌ನ ಮುಂದೆ ಹಾಯುವ ಹಲ್ಲಿನ ಚಕ್ರ ಮುರಿದಿಲ್ಲ ಅಂತ ಇಣುಕಿ ನೋಡಿ.

ತೆಗೆಯುವುದು ಹೆಸರಿಗೆ ಒಂದೇ ಬೋಲ್ಟಿನ ಕೆಲಸ. ಆದರೆ ಎಷ್ಟೋ ಕಾರುಗಳಲ್ಲಿ ಕೈ ಹೋಗದ ಜಾಗದಲ್ಲಿ, ಗೇರ್‌ಬಾಕ್ಸ್ ಸೇರುವಲ್ಲಿ ಅಥವಾ ಕೆಳಗಿನ ಪುಲ್ಲಿ ಹಿಂದೆ ಇರುತ್ತದೆ. ಕಾರಿನಡಿ ಹೋಗುವುದಾದರೆ ಬರೀ ಜ್ಯಾಕ್ ನಂಬಿ ಹೋಗಬೇಡಿ, ಸ್ಟ್ಯಾಂಡ್ ಇಡಿ. ಬೋಲ್ಟ್ ತೆಗೆದ ಮೇಲೂ ಸೆನ್ಸರ್ ಬರದಿದ್ದರೆ ಸ್ಕ್ರೂಡ್ರೈವರ್‌ನಿಂದ ಎಬ್ಬಿದರೆ ತಲೆ ಮಾತ್ರ ಕಿತ್ತು ಬರುತ್ತದೆ. ಎಣ್ಣೆ ಹಾಕಿ ಅತ್ತಿಂದಿತ್ತ ತಿರುಚುತ್ತಾ ಎಳೆಯಿರಿ. ಹೊರಬಂದ ಸೆನ್ಸರ್‌ನ ಮೂತಿಗೆ ಕಬ್ಬಿಣದ ಪುಡಿ ಅಂಟಿದೆಯಾ ನೋಡಿ, ಬರೀ ಅದನ್ನು ಒರೆಸಿದರೆ ಸರಿಹೋಗುವ ಕೇಸುಗಳೂ ಇವೆ. ಹೊಸದನ್ನು ಹಾಕುವಾಗ ಸೆನ್ಸರ್ ಕೂರುವ ಜಾಗದ ತುಕ್ಕು ತೆಗೆದು ಓ ರಿಂಗ್‌ಗೆ ಎಂಜಿನ್ ಆಯಿಲ್ ಸವರಿ. ಮೂತಿ ಮತ್ತು ಹಲ್ಲಿನ ನಡುವೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸಿನ ಸಂದು ಇರುತ್ತದೆ, ತುಕ್ಕಿನಿಂದ ಸೆನ್ಸರ್ ಎತ್ತರ ನಿಂತರೆ ಸಿಗ್ನಲ್ ಸೊರಗುತ್ತದೆ. ವೈರನ್ನು ಹಳೆಯದು ಹೋದ ದಾರಿಯಲ್ಲೇ, ಅದೇ ಕ್ಲಿಪ್‌ಗಳಲ್ಲಿ ಹಾಯಿಸಿ. ಪ್ಲಗ್ ವೈರು, ಎಕ್ಸಾಸ್ಟ್ ಹತ್ತಿರ ಬಿಟ್ಟರೆ ಮತ್ತೆ ತೊಂದರೆ. ಕೆಲವು ಮಾಡೆಲ್‌ಗಳಿಗೆ ಹೊಸ ಸೆನ್ಸರ್ ಹಾಕಿದ ಮೇಲೆ ಸ್ಕ್ಯಾನರ್‌ನಿಂದ ರೀಲರ್ನ್ ಮಾಡಿಸಬೇಕು, ಅಂದ್ರೆ ಇಸಿಯುಗೆ ಹೊಸ ಸೆನ್ಸರ್ ಪರಿಚಯ ಮಾಡಿಸಬೇಕು, ಮಾಡದಿದ್ದರೆ ಮಿಸ್‌ಫೈರ್ ಕೋಡ್ ಬರಬಹುದು.

ಉಳಿದವು ಚುಟುಕಾಗಿ

ಎಂಜಿನ್‌ಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಎಷ್ಟೋ ಸಲ ಕೆಟ್ಟಿರುವುದಿಲ್ಲ, ಕೊಳಕಾಗಿರುತ್ತದೆ. ಅದಕ್ಕಾಗಿಯೇ ಸಿಗುವ ಕ್ಲೀನರ್ ಸ್ಪ್ರೇ ಹೊಡೆದು, ಮುಟ್ಟದೆ, ಉಜ್ಜದೆ ಪೂರ್ತಿ ಒಣಗಲು ಬಿಡಿ. ಪಿ0171, ಅಂದ್ರೆ ಪೆಟ್ರೋಲ್‌ಗೆ ಹೋಲಿಸಿದರೆ ಗಾಳಿ ಜಾಸ್ತಿ ಅನ್ನುವ ಕೋಡ್, ಬಂದರೆ ಸೆನ್ಸರ್‌ಗಿಂತ ಮೊದಲು ಇನ್‌ಟೇಕ್ ಹೋಸ್‌ಗಳಲ್ಲಿ ಬಿರುಕು ಹುಡುಕಿ. ಹಳೆ ರಬ್ಬರ್ ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಬಗ್ಗಿಸಿದರೆ ಬಾಯಿ ಬಿಡುತ್ತದೆ.

ಥ್ರಾಟಲ್ ಪೊಸಿಷನ್ ಸೆನ್ಸರ್‌ಗೆ ಕೀ ಆನ್ ಮಾಡಿ ಸಿಗ್ನಲ್ ವೋಲ್ಟೇಜ್ ನೋಡುತ್ತಾ ಥ್ರಾಟಲ್ ಮೆಲ್ಲಗೆ ತೆರೆಯಿರಿ. ಸುಮಾರು 0.5ರಿಂದ 4.5 ವೋಲ್ಟ್‌ವರೆಗೆ ನಯವಾಗಿ ಏರಬೇಕು. ಮಧ್ಯೆ ಸೊನ್ನೆಗೆ ಜಾರಿದರೆ ಒಳಗಿನ ಟ್ರ್ಯಾಕ್ ಸವೆದಿದೆ.

ಆಕ್ಸಿಜನ್ ಸೆನ್ಸರ್, ಸಾಮಾನ್ಯ ಜಿರ್ಕೋನಿಯಾ ಜಾತಿಯದು, ಬಿಸಿಯಾದ ಎಂಜಿನ್‌ನಲ್ಲಿ 0.1 ಮತ್ತು 0.9 ವೋಲ್ಟ್ ನಡುವೆ ಚುರುಕಾಗಿ ಓಡಾಡುತ್ತಿರಬೇಕು. ಇದು ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚಿನ ಸೆನ್ಸರ್‌ನ ಮಾತು, ಕನ್ವರ್ಟರ್ ಆದ ಮೇಲೆ ಬರುವ ಸೆನ್ಸರ್ ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರಬೇಕು. ಮುಂಚಿನದು ಕೆಳಗೇ ಅಂಟಿಕೊಂಡಿದ್ದರೆ ಅದು ನಿಜವನ್ನೇ ಹೇಳುತ್ತಿರಬಹುದು, ಗಾಳಿ ಲೀಕ್ ಇರಬಹುದು. ಬಿಚ್ಚಲು ಪಕ್ಕದಲ್ಲಿ ಸೀಳಿರುವ 22 ಮಿಲಿಮೀಟರ್ ಸಾಕೆಟ್ ಬೇಕು. ಎಕ್ಸಾಸ್ಟ್ ತುಸು ಬೆಚ್ಚಗಿದ್ದರೆ ಸುಲಭವಾಗಿ ಬರುತ್ತದೆ. ಹೊಸದರ ಥ್ರೆಡ್‌ಗೆ ಆಂಟಿ ಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಪೇಸ್ಟ್) ಹಚ್ಚಿ, ಮೂತಿಗೆ ಮಾತ್ರ ತಾಗಿಸಬೇಡಿ.

ಹಾಕಿದ ಮೇಲೆ

ಈಗ ಕೋಡ್ ಅಳಿಸಿ. ಬೆಳಗಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ, ಈ ಸಲ ಎರಡು ಉಷ್ಣತೆಗಳೂ ಒಂದಕ್ಕೊಂದು ಹೊಂದಬೇಕು. ಬಹಳ ದಿನ ತಪ್ಪು ಸುದ್ದಿಯ ಮೇಲೆ ಓಡಿದ ಇಸಿಯು ಪೆಟ್ರೋಲ್ ಲೆಕ್ಕವನ್ನು ಅದಕ್ಕೆ ಹೊಂದಿಸಿಕೊಂಡಿರುತ್ತದೆ, ಹಾಗಾಗಿ ಮೊದಲ ಕೆಲವು ದಿನ ಐಡ್ಲಿಂಗ್ ಏರುಪೇರಾದರೆ ಹೊಸ ಸೆನ್ಸರನ್ನು ಬೈಯಬೇಡಿ. ಅದೇ ಕೋಡ್ ಮತ್ತೆ ಬಂದರೆ ಇನ್ನೊಂದು ಸೆನ್ಸರ್ ತರಲು ಹೋಗದೆ ಬಿಚ್ಚಿ, ಸೇರಿಸಿ ನೋಡುವ ಪರೀಕ್ಷೆಗೆ ವಾಪಸ್ ಬನ್ನಿ, ಹಾರ್ನೆಸ್ ಅಲ್ಲಾಡಿಸಿ ನೋಡಿ. ಇಸಿಯು ಮೇಲೆ ಅನುಮಾನ ಬರಬೇಕಾದದ್ದು ವೈರನ್ನು ತುದಿಯಿಂದ ತುದಿಗೆ ಅಳೆದು ಮುಗಿಸಿದ ಮೇಲೆಯೇ.

ಒಬಿಡಿಯನ್ನೂ ನೋಡುವ ಹೊಗೆ ತಪಾಸಣೆಗೆ ಕಾರು ಕೊಡುವುದಿದ್ದರೆ ಕೋಡ್ ಅಳಿಸಿದ ದಿನವೇ ಹೋಗಬೇಡಿ. ಅಳಿಸಿದಾಗ ಒಬಿಡಿಯ ರೆಡಿನೆಸ್ ಪರೀಕ್ಷೆಗಳೂ, ಅಂದ್ರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕವೂ, ಸೊನ್ನೆಗೆ ಬರುತ್ತವೆ. ಅವು ಮತ್ತೆ ಪೂರ್ತಿಯಾಗಲು ತಣ್ಣಗಿನ ಸ್ಟಾರ್ಟ್, ಊರೊಳಗಿನ ಓಡಾಟ, ಹೆದ್ದಾರಿಯ ಒಂದೇ ವೇಗದ ಓಟ ಎಲ್ಲ ಸೇರಿ ಕೆಲವು ದಿನ ಬೇಕು. ಸ್ಕ್ಯಾನರ್‌ನ ರೆಡಿನೆಸ್ ಪುಟದಲ್ಲಿ ಎಲ್ಲವೂ ಪೂರ್ತಿ ಅಂತ ಬಂದ ಮೇಲೆ ಹೊರಡಿ.